ಅರ್ಧ ಸೀರೆಯಷ್ಟು ಅಗಲದ ಗೋಲು

ನನ್ನ ಬಲಗೈ ತೋರುಬೆರಳಿನ ಉಗುರು ಸೊಟ್ಟ ಬೆಳೆಯುತ್ತದೆ. ಕಂಡವರು ಬಾಗಿಲಿಗೆ ಸಿಕ್ಕಿತ್ತೇ, ಕಾಯಿ ತುರಿಯುವಾಗ ಆಯಿತೇ ಎಂದು ಕೇಳುತ್ತಾರೆ. ಮಗ ಒದ್ದದ್ದು ಎಂದರೆ ಅವರ ಮುಖ ನೋಡಬೇಕು. ಆ ಮುಖ ನೋಡುವ ಆಸೆಗೇ ನಾನು ಮೊದಲು ಅಷ್ಟೇ ಹೇಳುವುದು. ವಿವರ ಆಮೇಲೆ.

ವಿವರ ಇಷ್ಟು. ಮೆಲ್ಬರ್ನ್‌ನ ಕ್ರಾನ್‌ಬರ್ನ್‌ನಲ್ಲಿ ಬೆಳೆದ ನಮ್ಮ ಪ್ರಣೀತನಿಗೆ ಇಪ್ಪತ್ತಮೂರನೇ ವಯಸ್ಸಿನಲ್ಲಿ, ಕಂಪ್ಯೂಟರ್ ಕೆಲಸದ ನಡುವೆ, ಅಮೆರಿಕದವರು ಒಳಾಂಗಣದಲ್ಲಿ ಆಡುವ ಫುಟ್‌ಬಾಲಿನ ಹುಚ್ಚು ಹಿಡಿಯಿತು. ಮೊಟ್ಟೆಯಾಕಾರದ ಚೆಂಡು; ತಂಡದಲ್ಲಿ ಒಬ್ಬನಿಗೆ ಅದನ್ನು ಒದೆಯುವುದೇ ಕೆಲಸ. ಅಂಥವನನ್ನು ಆರಿಸಲು ಅಲ್ಲಿಯ ತಂಡವೊಂದು ಸಿಡ್ನಿಗೆ ಬರುವುದಿತ್ತು. ಒದೆಯುವವರು ಇಪ್ಪತ್ತು ಜನ, ಅಮೆರಿಕಕ್ಕೆ ಕರೆ ಒಬ್ಬನಿಗೆ. ಈ ಸಲ ಆಗದಿದ್ದರೆ ಆಟವನ್ನೇ ಬಿಡುತ್ತೇನೆ ಎಂದು ಅವನು ಹೇಳಿಬಿಟ್ಟಿದ್ದ. ಹಾಗೆ ಹೇಳಿ ಆಮೇಲೆ ಮಾತು ಬದಲಿಸುವ ಜಾತಿಯವನಲ್ಲ, ಅಪ್ಪನ ಹಾಗೆ.

ಹೊರಗಿನ ಆಟದಲ್ಲಿ ಗೋಲುಕಂಬಗಳ ನಡುವೆ ಹೆಚ್ಚುಕಡಿಮೆ ಒಂದು ಸೀರೆಯ ಉದ್ದ, ಒಳಾಂಗಣದಲ್ಲಿ ಅದರರ್ಧ. ಈ ಲೆಕ್ಕ ನನ್ನದು. ಅವನು ಅಡಿಯಲ್ಲಿ ಹೇಳಿದ್ದು ತಲೆಗೆ ಹೋಗದೆ, ಹಳೆಯ ಸೀರೆಯೊಂದನ್ನು ಎರಡು ಮಡಿಕೆ ಮಾಡಿ ಒಯ್ದು, ಪಾರ್ಕಿನಲ್ಲಿ ಅಷ್ಟೇ ಅಂತರದ ಎರಡು ನೀಲಗಿರಿ ಮರ ಹುಡುಕಿದೆ. ನಾಯಿಯ ಜೊತೆ ವಾಕಿಂಗ್ ಬಂದವರು ಮರಕ್ಕೆ ಏನೋ ಪೂಜೆಯಿರಬೇಕೆಂದು ದೂರದಿಂದಲೇ ಹಾದುಹೋದರು.

ಈ ಆಟದಲ್ಲಿ ಒಬ್ಬರು ಮಂಡಿಯೂರಿ, ಚೆಂಡಿನ ತುದಿಯ ಮೇಲೆ ಬೆರಳಿಟ್ಟು ಅದನ್ನು ನಿಲ್ಲಿಸಿ ಹಿಡಿಯಬೇಕು. ನಮ್ಮವರ ಮಂಡಿ ಡಾಕ್ಟರ ಅಪ್ಪಣೆಯ ಮೇಲೆ ರಜೆಯಲ್ಲಿತ್ತು. ನನ್ನದು ನೆಲ ಒರೆಸಿ ಪಳಗಿದ ಮಂಡಿ. ಹೀಗೆ ಐವತ್ತರ ಹೊಸ್ತಿಲಲ್ಲಿ ನಾನು ಆಟಗಾರ್ತಿಯಾದೆ.

ಆದರೆ ಒಂದು ವಿಚಿತ್ರ. ಒಬ್ಬನೇ ಸ್ಟ್ಯಾಂಡಿನ ಮೇಲಿಟ್ಟು ಒದ್ದರೆ ಮರ ದಾಟುವ ಚೆಂಡು, ನಾನು ಹಿಡಿದರೆ ಅರ್ಧ ದಾರಿಯಲ್ಲೇ ಬೀಳುತ್ತಿತ್ತು. ಸಿಡ್ನಿಗೆ ಎರಡೇ ವಾರ ಉಳಿದಿತ್ತು. ಕಾಲು ಸರಿಯಿಲ್ಲವೇ ಎಂದು ಕೇಳಿದ್ದಕ್ಕೆ ಅವನು ನೆಲ ನೋಡುತ್ತ ಹೇಳಿದ:

"ಐ ಕಾಂಟ್, ಅಮ್ಮ. ನಿನ್ನ ಕೈ ಇದೆ ಅಲ್ಲಿ."

ತಪ್ಪು ನನ್ನದೇ. ಪುಸ್ತಕಕ್ಕಾಗಲಿ ಮನುಷ್ಯರಿಗಾಗಲಿ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕೆಂದು ತಲೆಯ ಮೇಲೆ ಮೊಟಕಿ ಕಲಿಸಿದವಳು ನಾನು. ಕಲಿಸಿದ ಶ್ಲೋಕ ಮರೆತ, ಮಗ್ಗಿ ಮರೆತ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ. ಇದೊಂದನ್ನು ಮಾತ್ರ ಬಿಡಲಿಲ್ಲ. ನಮ್ಮ ಭಾಷೆಯಲ್ಲೂ ಒದೆ ಎಂದರೆ ತಪ್ಪು ಮಾಡಿದವರು ತಿನ್ನುವ ಪದಾರ್ಥ; ಒದೆಯುವುದನ್ನು ಹೊಗಳುವ ಒಂದು ಗಾದೆಯೂ ನನಗೆ ನೆನಪಾಗಲಿಲ್ಲ. ಪುರಾಣದಲ್ಲಿ ಮಾತ್ರ ಒಬ್ಬ ದೇವರು, ಎದೆಗೆ ಒದ್ದ ಋಷಿಯ ಕಾಲು ಒತ್ತುತ್ತ ನೋವಾಯಿತೇ ಎಂದು ಕೇಳಿದನಂತೆ. ನನಗೆ ಅಷ್ಟು ದೊಡ್ಡ ಮನಸ್ಸೇನೂ ಇರಲಿಲ್ಲ. ಎರಡು ವಾರ ಮಾತ್ರ ಇತ್ತು.

"ನಿನ್ನ ಒದೆ ನನಗೆ ಹೊಸತಾ ಮಾರಾಯ? ಹೊಟ್ಟೆಯಲ್ಲಿ ಐದು ತಿಂಗಳಿಂದ ಶುರು ಮಾಡಿದವನು ನೀನು. ಆಗ ಕಣ್ಣಿಗೆ ಒತ್ತಿಕೊಂಡಿದ್ದೀಯಾ? ಒದಿ."

ಅವನು ನಕ್ಕ. ಹಿಂದೆ ಸರಿದು, ಓಡಿಬಂದು, ಒದ್ದ. ಚೆಂಡು ಎರಡೂ ಮರಗಳ ನಡುವೆ ಹೋಯಿತು. ನನ್ನ ಉಗುರೂ ಹೋಯಿತು. ಚೆಂಡು ಬಿದ್ದೀತೆಂಬ ಹೆದರಿಕೆಗೆ ಬೆರಳನ್ನು ತೀರಾ ಕೆಳಗೆ ತಂದಿದ್ದೆ. ಅವನು ನನ್ನತ್ತ ತಿರುಗುವ ಮೊದಲೇ ಕೈಯನ್ನು ಜಾಕೆಟ್ ಜೇಬಿಗೆ ತುರುಕಿ, ಚೆಂಡು ತಾ ಎಂದೆ. ಆಮೇಲೆ ಎಡಗೈಯಲ್ಲಿ ಹಿಡಿದೆ. ಎರಡು ವಾರ ಒಂದು ಚೆಂಡೂ ಅರ್ಧಕ್ಕೆ ಬೀಳಲಿಲ್ಲ.

ಸಿಡ್ನಿಯಲ್ಲಿ ಪೆಂಡಲ್ ಹಿಲ್‌ನ ತಂಗಿಯ ಮನೆಯಲ್ಲಿ ಇಡ್ಲಿ ತಿಂದು ಹೋದೆವು. ಅಲ್ಲಿ ಚೆಂಡು ಹಿಡಿದವನು ಬೀರುವಿನಂಥ ಅಮೆರಿಕದ ಆಳು. ಪ್ರಣೀತನ ಕೊನೆಯ ಒದೆ ಬಾಕಿಯಿದ್ದಾಗ ಅವನೂ ಇನ್ನೊಬ್ಬ ಹುಡುಗನೂ ಸಮಸಮ. ಓಡಿಬಂದು ಒದ್ದ. ಬೂಟು ಆ ಆಳಿನ ಬೆರಳಿಗೆ ತಗುಲಿದ್ದು ನಾನು ಕೂತಲ್ಲಿಗೇ ಕಂಡಿತು. ನನ್ನ ಬೆರಳು ಚುರುಕ್ಕೆಂದಿತು. ಚೆಂಡು ಇನ್ನೂ ಗಾಳಿಯಲ್ಲಿತ್ತು. ಜೀವನವೇ ಆ ಚೆಂಡಿನಲ್ಲಿದ್ದ ನನ್ನ ಮಗ ಅದರತ್ತ ನೋಡದೆ ಬಾಗಿ, ಅವನ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಆ ಬೀರು ಏನೂ ತಿಳಿಯದೆ, ಮಾಡದಿದ್ದರೆ ತಪ್ಪಾದೀತೆಂದೋ ಏನೋ, ತಾನೂ ಕಣ್ಣು ಮುಟ್ಟಿಕೊಂಡ.

ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಚೆಂಡು ಒಳಗೆ ಹೋಯಿತೇ ಎಂದು ನಮ್ಮವರನ್ನು ಕೇಳಬೇಕಾಯಿತು. ಹೋಗಿತ್ತು.

ತಿಂಗಳಲ್ಲಿ ಅಮೆರಿಕದಿಂದ ಪತ್ರ ಬಂತು. ಅದಕ್ಕೆ ಚೌಕಟ್ಟು ಹಾಕಿಸಿದ ನಮ್ಮವರು ಮನೆಗೆ ಬಂದವರನ್ನೆಲ್ಲ ಅದರ ಮುಂದೆ ನಿಲ್ಲಿಸುತ್ತಾರೆ. ಅವರು ಓದಿ ಮುಗಿಸುವ ತನಕ ಕಾದು, ನಾನು ಉಗುರು ತೋರಿಸುತ್ತೇನೆ.