ದೇವಿಂದ್ರಪ್ಪ ಕಾಕಾನ ಗೋಡೆ

ಬೋರ್ಡು ಬರೆದು ಮುಗಿದ ಮೇಲೆ ದೇವಿಂದ್ರಪ್ಪ ಕಾಕಾ ಅದಕ್ಕೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ಬಣ್ಣ ಮೆತ್ತಿದ ಪೈಜಾಮವನ್ನು ಮೊಣಕಾಲಿನತನಕ ಏರಿಸಿ, ನಡು ಬಗ್ಗಿಸಿ, ಎರಡು ಕಾಲುಗಳ ನಡುವಿನಿಂದ ತಮ್ಮ ಅಕ್ಷರಗಳನ್ನು ತಲೆಕೆಳಗಾಗಿ ನೋಡುತ್ತಿದ್ದರು. ಇದು ಮನೆಯ ಹಿತ್ತಲಿನಲ್ಲಲ್ಲ, ಹಾಡುಹಗಲು ಶಹಾಪುರದ ನಡುಬಜಾರಿನಲ್ಲಿ. ಆಟೋದವರು ಹಾರ್ನ್ ಹೊಡೆದು ಹೋಗುತ್ತಿದ್ದರು. ಬಾಳೆಹಣ್ಣು ಮಾರುವ ಹೆಂಗಸರು ಸೆರಗಿನಲ್ಲಿ ನಗುತ್ತಿದ್ದರು. ಕಾಕಾ ಮಾತ್ರ ತಮಗೆ ಸಮಾಧಾನ ಆಗುವತನಕ ಏಳುತ್ತಿರಲಿಲ್ಲ.

ಯಾಕೆಂದು ಕೇಳಿದರೆ, "ಸೀದಾ ನೋಡಿದ್ರ ಓದಿಬಿಡ್ತೀವಿ. ಓದಾಕ ಹತ್ತಿದ್ವಿ ಅಂದ್ರ ನೋಡೂದು ನಿಂತಂಗ" ಅನ್ನುತ್ತಿದ್ದರು. ತಲೆಕೆಳಗಾದ ಅಕ್ಷರ ಅಕ್ಷರವಾಗಿ ಉಳಿಯುವುದಿಲ್ಲ, ಬರೀ ಆಕಾರವಾಗುತ್ತದೆ. ಆಗ ಎಲ್ಲಿ ಸೊಟ್ಟ, ಎಲ್ಲಿ ಇಕ್ಕಟ್ಟು ಎಂಬುದು ಎದ್ದು ಕಾಣುತ್ತದೆ.

ನಮ್ಮ ಓಣಿಯಲ್ಲೇ ಅವರ ಮನೆ. ಮದುವೆಯಾಗಿರಲಿಲ್ಲ. ಗಂಡನನ್ನು ಕಳೆದುಕೊಂಡಿದ್ದ ಅಕ್ಕ ಶರಣಮ್ಮನ ಜೊತೆ ಇದ್ದರು. ಸುರಪುರ, ಕೆಂಭಾವಿ, ಯಾದಗಿರಿ ಎಲ್ಲಿ ಬೋರ್ಡಿನ ಕೆಲಸ ಸಿಕ್ಕರೂ ಡಬ್ಬಿ, ಬ್ರಷ್ಷುಗಳನ್ನು ಕೈಚೀಲದಲ್ಲಿ ತುಂಬಿಕೊಂಡು ಬಸ್ಸು ಹತ್ತುವವರು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅವರ ಮೇಲೆ ಮೊದಲ ಮೊಕದ್ದಮೆ ಹೂಡಿದೆ. ಜಿಲ್ಲಾ ಮಟ್ಟದ ಚರ್ಚಾಸ್ಪರ್ಧೆಯಲ್ಲಿ ಆಗಷ್ಟೇ ಬಹುಮಾನ ಗೆದ್ದಿದ್ದೆ. ಎದುರಿಗೆ ಸಿಕ್ಕವರ ಮಾತಿನಲ್ಲೆಲ್ಲ ದೋಷ ಹುಡುಕುವ ಹುಮ್ಮಸ್ಸು. ಬಸ್‌ಸ್ಟ್ಯಾಂಡಿನ ಎದುರಿನ ಖಾನಾವಳಿಗೆ ಕಾಕಾ ಹೊಸ ಬೋರ್ಡು ಬರೆದಿದ್ದರು. ಅರ್ಧ ಭಾಗ ಕಪ್ಪು ನೆಲದ ಮೇಲೆ ಬಿಳಿ ಅಕ್ಷರ, ಇನ್ನರ್ಧ ಬಿಳಿ ನೆಲದ ಮೇಲೆ ಕಪ್ಪು ಅಕ್ಷರ. ಅದನ್ನಿನ್ನೂ ಮೇಲೆ ಏರಿಸಿರಲಿಲ್ಲ. ನಾನು ಕಂಪಾಸಿನ ಸ್ಕೇಲು ತೆಗೆದು ಅಳೆದೆ. ಬಿಳಿ ಗೆರೆ ಸಣ್ಣ, ಕಪ್ಪು ಗೆರೆ ದಪ್ಪ. ಖಾನಾವಳಿಯ ಮಾಲಕರ ಎದುರಿಗೇ ಹೇಳಿದೆ: "ಕಾಕಾ, ಎರಡೂ ಸಮ ಇಲ್ಲ. ತಪ್ಪು ಬರದೀರಿ."

"ತಪ್ಪ ಬರದೀನಿ. ಈಗ ರಸ್ತೆ ದಾಟಿ ಆ ಕಡಿ ನಿಂತು ನೋಡು, ವಕೀಲಬಾಯಿ."

ದಾಟಿ ನೋಡಿದೆ. ಎರಡೂ ಸಮ ಕಂಡವು. ನಂಬದೆ ತಿರುಗಿ ಬಂದು ಮತ್ತೆ ಅಳೆದೆ. ಸಮ ಇರಲಿಲ್ಲ. ಕಾಕಾ ಒಂದು ಬಿಳಿ ರಟ್ಟಿನ ಚೂರಿಗೆ ಅರ್ಧ ಕಪ್ಪು ಬಳಿದು, ನನ್ನದೇ ಸ್ಕೇಲಿನಿಂದ ಎರಡೂ ಕಡೆ ಸರಿಸಮ ಗೆರೆ ಎಳೆದು ದೂರ ಹಿಡಿದರು. ಬಿಳಿ ಗೆರೆ ಉಬ್ಬಿದಂತೆ ಕಂಡಿತು. ಕತ್ತಲೆಯ ನಡುವಿನ ಬೆಳಕು ಕಣ್ಣಿನೊಳಗೆ ಸ್ವಲ್ಪ ಹರಡುತ್ತದೆಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಕಾಕಾಗೆ ಅದು ಕೈಯಲ್ಲೇ ಗೊತ್ತಿತ್ತು. ಅಂದಿನಿಂದ ನನ್ನ ಹೆಸರು ವಕೀಲಬಾಯಿ ಎಂದೇ ಆಯಿತು.

ನಮ್ಮೂರಿನ ಗುಡ್ಡಸಾಲು, ರಸ್ತೆಯ ಒಂದು ಜಾಗದಿಂದ ನೋಡಿದರೆ, ಬುದ್ಧ ಮಲಗಿದಂತೆ ಕಾಣುತ್ತದೆ. ಹಣೆ, ಮೂಗು, ಎದೆ, ಎಲ್ಲ ಇದೆ. ಒಂದು ದಿನ ಕಾಕಾ ಅಲ್ಲಿ ಸೈಕಲ್ಲು ನಿಲ್ಲಿಸಿ ನನ್ನನ್ನೂ ತಮ್ಮಂತೆ ಬಗ್ಗಿ ನೋಡಲು ಹೇಳಿದರು. ಹೋಗುವ ಬಸ್ಸಿನ ಜನರೆಲ್ಲ ನೋಡುತ್ತಿದ್ದರು, ಆದರೂ ಬಗ್ಗಿದೆ. ಬುದ್ಧನಿರಲಿಲ್ಲ. ಬಂಡೆಗಳಿದ್ದವು.

"ಅವ ಗುಡ್ಡದಾಗ ಇದ್ದಿದ್ದರ ಹ್ಯಾಂಗ ನೋಡಿದ್ರೂ ಕಾಣಬೇಕಿತ್ತಲ್ಲ. ನಿನ್ನ ತಲ್ಯಾಗ ಮಲಗಿದ್ದ" ಅಂದರು.

ಯಾವ ಗುರುಗಳೂ ನನಗೆ ಇದಕ್ಕಿಂತ ಚೊಕ್ಕವಾಗಿ ವಿಚಾರ ಮಾಡುವುದನ್ನು ಕಲಿಸಲಿಲ್ಲ. ಕಂಡದ್ದು ಹೊರಗಿದೆಯೋ ಒಳಗಿದೆಯೋ ಎಂದು ತಿಳಿಯಬೇಕಾದರೆ ಮೊದಲು ಒಂದು ಸಲ ಬಗ್ಗಿ ನೋಡು.

ಡಿಜಿಟಲ್ ಫ್ಲೆಕ್ಸ್ ಬಂದು ಅವರ ಕೆಲಸ ಕಡಿಮೆಯಾಯಿತು ಎಂದು ಜನ ಹೇಳುತ್ತಾರೆ. ಅದು ಅರ್ಧ ಸತ್ಯ. ಫ್ಲೆಕ್ಸಿಗಿಂತ ಮೊದಲೇ ಅವರ ಕಣ್ಣುಗಳು ಕೈಕೊಟ್ಟಿದ್ದವು. ಎದುರಿಗಿನವರ ಮುಖವಿರುವ ಜಾಗದಲ್ಲೇ ಮಸಿ ಮೆತ್ತಿದಂತೆ, ಅಂಚಿನಲ್ಲಷ್ಟೇ ಮಬ್ಬುಮಬ್ಬಾಗಿ ಕಾಣುವುದು. ಇನ್ನೇನೂ ಮಾಡಲಾಗದು ಎಂದು ಕಣ್ಣಿನ ಡಾಕ್ಟರು ಹೇಳಿ ಕಳಿಸಿದ್ದರು. ಕಾಕಾ ಮನೆಯ ಒಳಕೋಣೆಯಲ್ಲಿ, ಸುಣ್ಣ ಬಳಿದ ಗೋಡೆಯ ಎದುರಿಗೆ, ಮಂಚದ ಮೇಲೆ ಕೂತರು.

ನಾನಾಗ ಯಾದಗಿರಿಯಲ್ಲಿ ಡಿಗ್ರಿ ಎರಡನೇ ವರ್ಷ. ರಜೆಗೆ ಬಂದಾಗ ಮಾತಾಡಿಸಲು ಹೋದೆ. ಶರಣಮ್ಮ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಅದನ್ನು ಎರಡು ಸಲ ಖಾತ್ರಿ ಮಾಡಿಕೊಂಡು ಕಾಕಾ ದನಿ ತಗ್ಗಿಸಿದರು.

"ಗೋಡಿ ಮ್ಯಾಲ ಅಕ್ಷರ ಬರ್ತಾವವಾ. ಸಾಲಹಿಡಿದು, ಛಂದಾಗಿ, ಕೆಂಪು ಹಸರು ಬಣ್ಣದಾಗ. ಕನ್ನಡ ಅಲ್ಲ, ಉರ್ದು ಅಲ್ಲ, ತೆಲುಗೂ ಅಲ್ಲ. ಒಂದೂ ಓದಾಕ ಬರಂಗಿಲ್ಲ. ಒಮ್ಮೊಮ್ಮೆ ರುಮಾಲು ಸುತ್ತಿದ ಮಂದಿ ಬಂದು ನಿಂದರ್ತಾರ. ಮಾತಾಡಂಗಿಲ್ಲ."

ಕಾಕಾ ಇದನ್ನು ನನ್ನ ಹತ್ತಿರವೇ ಯಾಕೆ ಹೇಳಿದರು? ಅಕ್ಕನಿಗೆ ಹೇಳಿದರೆ ತಾಯಿತ ಕಟ್ಟಿಸುತ್ತಾಳೆ, ಓಣಿಗೆ ಹೇಳಿದರೆ ತಲೆ ಕೆಟ್ಟಿದೆ ಅನ್ನುತ್ತಾರೆ. ನಾನಾದರೆ ವಿಚಾರ ಮಾಡುತ್ತೇನೆ ಎಂಬ ನಂಬಿಕೆ. ನಾನು ವಿಚಾರ ಮಾಡಲಿಲ್ಲ, ವಾದ ಮಾಡಿದೆ. ವೇದಿಕೆಯ ಮೇಲೆ ನಿಂತವಳಂತೆ ಬೆರಳೆಣಿಸಿ ಹೇಳಿದೆ: ಇಲ್ಲದ್ದು ಕಾಣಬೇಕಾದರೆ ಎರಡೇ ದಾರಿ, ಒಂದೋ ನೀವು ಕೂತಲ್ಲೇ ನಿದ್ದೆ ಹೋಗಿ ಕನಸು ಕಂಡಿರಬೇಕು, ಇಲ್ಲವಾದರೆ ವಯಸ್ಸಿಗೆ ಬುದ್ಧಿ ಸಡಿಲಾಗಿರಬೇಕು, ಮೂರನೆಯದಿದ್ದರೆ ತೋರಿಸಿರಿ.

"ನಾ ನಿದ್ದಿ ಮಾಡಿಲ್ಲ. ಒಂದು ಮಾಡಿ ನೋಡೀನಿ, ಕೇಳಿಲ್ಲೆ..."

"ಮೊದಲ ನನ್ನ ಪ್ರಶ್ನೆಕ ಉತ್ತರ ಕೊಡ್ರಿ ಕಾಕಾ. ನಿದ್ದಿ ಅಲ್ಲ ಅಂದ್ರ ಯಾವುದು ಉಳೀತು?"

ಅವರು "ಗೆದ್ದಿ ಬಿಡವಾ" ಅಂದರು. ನನಗೆ ಆ ಕ್ಷಣ ಖುಷಿಯಾಗಿತ್ತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಅದರ ನಂತರ ಊರಿಗೆ ಬಂದಾಗಲೆಲ್ಲ ಅವರು ಬದಲಾಗಿದ್ದರು. ಚಹಾದಂಗಡಿಗೆ ಹೋಗುವುದು ಬಿಟ್ಟಿದ್ದರು. ನನ್ನ ಯಾವ ಮಾತಿಗೂ ಎದುರಾಡುತ್ತಿರಲಿಲ್ಲ. ತಿಥಿ, ವಾರ ಕೇಳಿ ಕೇಳಿ ತಮ್ಮ ನೆನಪನ್ನು ತಾವೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದರು. ಮಂಚವನ್ನು ತಿರುಗಿಸಿ ಹಾಕಿಸಿದ್ದರು, ಗೋಡೆ ಬೆನ್ನಿಗೆ ಬರುವಂತೆ. ಬಾಗಿಲಿನ ಗಾಳಿ ಬೇಕಂತೆ ಎಂದು ಶರಣಮ್ಮ ಹೇಳಿದಳು. ನಾನೂ ಹಾಗೇ ಅಂದುಕೊಂಡೆ. ಹೌದು, ಎಲ್ಲಕ್ಕೂ ಕಾರಣ ಕೇಳುವ ನಾನೇ.

ಮುಂದಿನ ವರ್ಷ ನಮ್ಮ ಕಾಲೇಜಿನಲ್ಲಿ ಸುತ್ತಲಿನ ಊರಿನವರಿಗೆ ಕಣ್ಣಿನ ತಪಾಸಣೆ ಶಿಬಿರ ಇಟ್ಟಿದ್ದರು. ಹೆಸರು ಬರೆದುಕೊಳ್ಳುವ ಕೆಲಸ ನನ್ನದು. ಗುರುಮಠಕಲ್ ಕಡೆಯಿಂದ ಬಂದ ಮುದುಕಿಯೊಬ್ಬಳ ಕಣ್ಣು ಪರೀಕ್ಷಿಸಿದ ಡಾಕ್ಟರಮ್ಮ ಬಹಳ ಮೆಲ್ಲಗೆ, ಇಲ್ಲದ್ದು ಏನಾದರೂ ಕಾಣುತ್ತದೆಯೇ ಎಂದು ಕೇಳಿದರು. ಮುದುಕಿ ಮೊದಲು ಮಗನ ಕಡೆ ನೋಡಿದಳು. ಅವನು ದೂರವಿದ್ದ. "ಹೂವಿನ ಗಿಡ ಕಾಣ್ತಾವ್ರಿ ಬಾಯಿ, ಮನಿ ತುಂಬ" ಅಂದಳು.

ಡಾಕ್ಟರಮ್ಮ ಅವಳಿಗೆ ಹೇಳಿದ್ದನ್ನು ನಾನು ಪೆನ್ನು ಹಿಡಿದು ಕೂತಲ್ಲೇ ಕೇಳಿದೆ. ಇದು ಹುಚ್ಚಲ್ಲ. ದೃಷ್ಟಿ ಬಹಳ ಕಡಿಮೆಯಾದವರಲ್ಲಿ ಕೆಲವರಿಗೆ ಹೀಗಾಗುತ್ತದೆ. ಕಣ್ಣು ಕಂಡದ್ದನ್ನು ಕಳಿಸುವುದನ್ನು ನಿಲ್ಲಿಸಿದರೂ ಮಿದುಳಿನ ನೋಡುವ ಭಾಗ ಸುಮ್ಮನೆ ಕೂರುವುದಿಲ್ಲ, ತಾನೇ ಚಿತ್ರ ಬರೆಯುತ್ತದೆ. ಬುದ್ಧಿ ನೆಟ್ಟಗೇ ಇರುತ್ತದೆ. ಹುಚ್ಚು ಅಂದಾರೆಂದು ಹೆದರಿ ಎಷ್ಟೋ ಮಂದಿ ಬಾಯಿ ಬಿಡುವುದಿಲ್ಲ.

ಅಕ್ಷರಗಳೂ ಕಾಣುತ್ತವೆಯೇ ಎಂದು ಕೇಳಿದೆ. ಕಾಣುತ್ತವೆ, ಆದರೆ ಸಾಮಾನ್ಯವಾಗಿ ಓದಲು ಬರುವುದಿಲ್ಲ, ನಿಮಗೆ ಯಾರು ಹೇಳಿದರು ಎಂದು ಅವರು ತಿರುಗಿ ಕೇಳಿದರು. ರಿಜಿಸ್ಟರನ್ನು ಗೆಳತಿಯ ಕೈಗೆ ಕೊಟ್ಟು ಶಹಾಪುರದ ಬಸ್ಸು ಹತ್ತಿದೆ.

ಕಾಕಾ ಬಾಗಿಲಿಗೆ ಮುಖ ಮಾಡಿ ಕೂತಿದ್ದರು. ಕೇಳಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಒಂದು ಮಾತೂ ಅಡ್ಡ ಹಾಕಲಿಲ್ಲ. ನಾನು ಮುಗಿಸಿದ ಮೇಲೆ, ಅಂದು ಹೇಳಲು ಹೋಗಿದ್ದನ್ನು ಹೇಳಿದರು.

"ನಾ ಬಗ್ಗಿ ನೋಡಿದ್ದೆ. ಮಂಚಾ ಹಿಡಕೊಂಡು, ಕಾಲಾಗಿಂದ. ಗೋಡಿ ತಲಿಕೆಳಗಾತು, ಬಾಗಲ ತಲಿಕೆಳಗಾತು. ಅಕ್ಷರ ಆಗ್ಲಿಲ್ಲ. ನನ್ನ ಕಣ್ಣಿಗೆ ಸೀದಾನ ಇದ್ವು. ಅಂದ್ರ ಗೋಡಿ ಮ್ಯಾಲ ಇಲ್ಲ, ನನ್ನ ಒಳಗ ಅದಾವ ಅಂತ ಗೊತ್ತಾತು. ಒಳಗ ಅಂದ್ರ ಹುಚ್ಚು ಅಂತ ತಿಳಕೊಂಡೆ. ನೀನೂ ಅದನ್ನ ಅಂದಿ."

ಅಂದರೆ ಸಾಕ್ಷಿ ಅವರ ಕೈಯಲ್ಲಿತ್ತು. ನಾನು ತೀರ್ಪು ಹೇಳುವ ಗಡಿಬಿಡಿಯಲ್ಲಿದ್ದೆ. ಈಗ ಏನೇನು ಕಾಣುತ್ತದೆ ಎಂದು ಕೇಳಿದೆ. ಕೇಳಬೇಕಾದ ಮೊದಲ ಪ್ರಶ್ನೆ ಅದು, ಕೇಳಿದ್ದು ಒಂದು ವರ್ಷ ತಡವಾಗಿ.

"ಏನೂ ಇಲ್ಲ. ಯುಗಾದಿ ಆದಮ್ಯಾಲ ಬರೂದು ಬಿಟ್ಟಾವ" ಅಂದರು. ಮತ್ತೆ ಹೇಳಿದರು: "ಇದನ್ನ ಮೊದಲ ಹೇಳಿದ್ದರ ಅಂಜತಿರಲಿಲ್ಲ ನಾ. ಸುಮ್ಮನ ನೋಡ್ಕೋತ ಕುಂದರತಿದ್ದೆ. ಹಂತಾ ಬಣ್ಣ ನನ್ನ ಡಬ್ಬ್ಯಾಗೂ ಇರಲಿಲ್ಲ."

ಹೊರಡಲು ಎದ್ದಾಗ ಅವರು ಕೇಳಿದ್ದು ಒಂದೇ: "ಮಂಚಾ ತಿರುಗಿಸು."

ಒಂದು ತುದಿ ನಾನು ಹಿಡಿದೆ, ಇನ್ನೊಂದನ್ನು ಶರಣಮ್ಮ ಹಿಡಿದಳು. ಕಾಕಾ ಗೋಡೆಗೆ ಮುಖ ಮಾಡಿ ಕೂತರು. ನಾನು ಬರುತ್ತೇನೆ ಅಂದಾಗ ಹೂಂ ಅಂದರು, ತಿರುಗಲಿಲ್ಲ. ಅದೇ ಕೊನೆಯ ಭೇಟಿ. ಪರೀಕ್ಷೆಗಳ ನಡುವೆ ಅವರು ತೀರಿಕೊಂಡ ಸುದ್ದಿ ಬಂತು.

ಪರೀಕ್ಷೆ ಮುಗಿಸಿ ಬಂದವಳು ಶರಣಮ್ಮನನ್ನು ಕೇಳಿದೆ, ಕಡೆಕಡೆಗೆ ಕಾಕಾ ಏನಾದರೂ ಕಾಣುತ್ತದೆ ಅಂದಿದ್ದರೇ ಎಂದು.

"ಏನೂ ಅನ್ಲಿಲ್ಲವಾ. ದಿನಾ ಮುಂಜಾನಿಂದ ಸಂಜಿತನಕ ಗೋಡಿನ ನೋಡ್ಕೋತ ಕುಂದರತಿದ್ದ. ಕುರುಡಗ ಅದರಾಗ ಏನ ಸಿಗ್ತಿತ್ತೋ" ಅಂದು ಅವಳು ಒಲೆಯ ಕಡೆ ಹೋದಳು.

ಆ ಅಕ್ಷರಗಳು ತಿರುಗಿ ಬಂದವೋ ಇಲ್ಲವೋ, ನನಗೆ ಗೊತ್ತಿಲ್ಲ. ಬಂದವು ಎಂದು ವಾದಿಸಲು ನನ್ನಲ್ಲಿ ಆಧಾರವಿಲ್ಲ, ಬರಲಿಲ್ಲ ಎನ್ನಲೂ ಇಲ್ಲ. ಒಳಕೋಣೆಗೆ ಹೋದೆ. ಮಂಚ ಹಾಗೇ ಇತ್ತು. ಗೋಡೆಗೆ ಬೆನ್ನು ಮಾಡಿ ನಿಂತು ಬಗ್ಗಿ ನೋಡಿದೆ. ಗೋಡೆ ತಲೆಕೆಳಗಾಯಿತು. ಸುಣ್ಣವಿತ್ತು, ಒಂದು ಮೊಳೆ ಇತ್ತು, ಮೊಳೆಗೆ ತೂಗುಹಾಕಿದ ಅವರ ಕೈಚೀಲವಿತ್ತು.