ಸ್ಟೇರಿಂಗಿನ ನಡುವಿನ ಕಡ್ಡಿ

ನಮ್ಮ ಕಾರು ಚಾಲೂ ಆಗಬೇಕಾದರೆ ಇಬ್ಬರು ಬೇಕಿತ್ತು. ಒಬ್ಬರು ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕು, ಇನ್ನೊಬ್ಬರು ಒಳಗೆ ಕೂತು ಕಾಲಲ್ಲಿ ಎಕ್ಸಲೇಟರು ಒತ್ತಬೇಕು. ಹೊಡೆಯುವವನು ನಾನು, ಒಳಗೆ ಕೂರುವವಳು ನನ್ನ ಹೆಂಡತಿ. ಇಂಜಿನ್ನು ಗುಡುಗಿದ ಕೂಡಲೇ ಆಕೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಚಾಲೂ ಆತು, ಬರ್ರಿ" ಅನ್ನುತ್ತಿದ್ದಳು. ಆಮೇಲೆ ಸೀರೆ ಒಟ್ಟು ಮಾಡಿಕೊಂಡು ಪಕ್ಕದ ಸೀಟಿಗೆ ಸರಿಯುತ್ತಿದ್ದಳು.

ನಾನು ರಾಯಚೂರಿನಲ್ಲಿ ಹೈಸ್ಕೂಲ್ ಮಾಸ್ತರ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ವಕೀಲರೊಬ್ಬರ ಹಿತ್ತಲಲ್ಲಿ, ಕೋಳಿಗಳು ಮೊಟ್ಟೆ ಇಡುತ್ತಿದ್ದ ಆ ಕಪ್ಪು ಕಾರನ್ನು ಕೊಂಡೆ. ನಿಜಾಮರ ಕಾಲದ್ದು, ಆಗಲೇ ಅದಕ್ಕೆ ನನ್ನಷ್ಟು ವಯಸ್ಸು. ಗುಂಡಿ ಒತ್ತಿದರೆ ಚಾಲೂ ಮಾಡುವ ಸೆಲ್ಫ್ ಸತ್ತಿತ್ತು. ಅದರ ಸಾಮಾನು ಹೈದರಾಬಾದಿನಲ್ಲೂ ಸಿಗಲಿಲ್ಲ. ನಮ್ಮ ಬಾವಿಯ ಸವಳು ನೀರು ಹಾಕಿದರೆ ರೇಡಿಯೇಟರಿನಲ್ಲಿ ಸುಣ್ಣ ಕಟ್ಟುತ್ತದೆಂದು ಆಕೆ ಕುಡಿಯುವ ನೀರಿನ ಕೊಡದಿಂದಲೇ ಅದಕ್ಕೆ ಎರಡು ತಂಬಿಗೆ ತೆಗೆದಿಡುತ್ತಿದ್ದಳು. ಭಾನುವಾರ ನಾನು ಹಳೆಯ ಧೋತರದ ತುಂಡಿನಿಂದ ಒರೆಸುವುದು, ಆಕೆ ಬಾಗಿಲ ಮೆಟ್ಟಿಲ ಮೇಲೆ ಕೂತು ಅಕ್ಕಿ ಆರಿಸುತ್ತಾ ಎಲ್ಲಿ ಒರೆಸದೆ ಬಿಟ್ಟೆ ಎಂದು ತೋರಿಸುವುದು. ಅಮಾವಾಸ್ಯೆಗೆ ಚೀಕಲಪರ್ವಿಯ ಹೊಳೆ, ರಜೆಯಲ್ಲಿ ಆಕೆಯ ತವರು ದೇವದುರ್ಗ. ನಮಗೆ ಮಕ್ಕಳಿರಲಿಲ್ಲ. ಹಿಂದಿನ ಸೀಟಿನಲ್ಲಿ ಬುತ್ತಿಯ ಗಂಟು ಕೂರುತ್ತಿತ್ತು.

ಹನ್ನೊಂದು ವರ್ಷ ಹೀಗೆ ನಡೆಯಿತು. ಆಮೇಲೆ ಒಂದು ಬೇಸಿಗೆಯಲ್ಲಿ ಕಾಮಾಲೆ ಬಂದು ಆಕೆ ಹೋದಳು.

ಕಾರು ಎಂಟು ತಿಂಗಳು ನಿಂತಲ್ಲೇ ನಿಂತಿತು. ಗುಜರಿಯವನು ಎರಡು ಸಲ ಬಂದು ಕೇಳಿದ. ಕೊಡಲು ಮನಸ್ಸು ಬರಲಿಲ್ಲ. ಒಬ್ಬನೇ ಚಾಲೂ ಮಾಡಲಾರದ ಬಂಡಿಯನ್ನು ಇಟ್ಟುಕೊಂಡೇ ಇದ್ದೆ. ಕೊನೆಗೆ ಒಂದು ಅಮಾವಾಸ್ಯೆಯ ದಿನ ಓಣಿಯವರಿಂದ ನೂಕಿಸಿ ಚಾಲೂ ಮಾಡಿಕೊಂಡು, ಚೀಕಲಪರ್ವಿಗೆ ಒಬ್ಬನೇ ಹೋದೆ. ಹೊಳೆಯ ದಂಡೆಯ ಇಳಿಜಾರಿನಲ್ಲಿ ನಿಲ್ಲಿಸಿದ್ದರಿಂದ ಅಲ್ಲಿ ಮತ್ತೆ ಚಾಲೂ ಮಾಡುವ ಚಿಂತೆಯಾಗಲಿಲ್ಲ, ಕೆಳಗೆ ಉರುಳಲು ಬಿಟ್ಟರೆ ಸಾಕಾಯಿತು.

ಬರುವಾಗ ಮಾನ್ವಿಯ ಬಸ್ ಸ್ಟ್ಯಾಂಡಿನ ಎದುರು ಇಂಜಿನ್ನು ನಿಂತುಹೋಯಿತು. ಕಾಲುವೆ ನೀರು ಬಂದ ಮೇಲೆ ಆ ರಸ್ತೆಯ ತುಂಬಾ ಭತ್ತದ ಲಾರಿಗಳು. ಅವಕ್ಕೆ ಕಾಯುವ ವ್ಯವಧಾನವಿಲ್ಲ. ಹಿಂದಿನ ಲಾರಿಯ ಡ್ರೈವರು ಹಾರ್ನ್ ಮೇಲೆ ಕೈ ಇಟ್ಟವನು ತೆಗೆಯಲೇ ಇಲ್ಲ.

"ಏ ಸಾಹೇಬ್ರ, ಎಮ್ಮಿ ಕಟ್ಟಿ ಎಳಸ್ರಿ ಅದನ್ನ!"

ಮಂದಿ ನಕ್ಕರು. ನೂಕಿರಿ ಎಂದು ಕೇಳಲು ಬಾಯಿ ಬರಲಿಲ್ಲ. ರಸ್ತೆ ಬದಿಯಿಂದ ಒಂದು ಇಟ್ಟಿಗೆ ತಂದು ಎಕ್ಸಲೇಟರಿನ ಮೇಲೆ ಇಟ್ಟು, ಮುಂದೆ ಬಂದು ಹ್ಯಾಂಡಲ್ ಹೊಡೆದೆ. ಹ್ಯಾಂಡಲ್ ಉಲ್ಟಾ ತಿರುಗಿ ಒದೆಯಿತು. ಮಣಿಕಟ್ಟಿನಲ್ಲಿ ಲಟಕ್ ಎಂದದ್ದು ನನಗೇ ಕೇಳಿಸಿತು.

ನಕ್ಕವರೇ ಕಾರನ್ನು ಒಂದು ಅಕ್ಕಿ ಗಿರಣಿಯ ಅಂಗಳಕ್ಕೆ ನೂಕಿ, ನನ್ನನ್ನು ಬಸ್ಸು ಹತ್ತಿಸಿದರು. ಮರುದಿನ ಕೈಗೆ ಪ್ಲಾಸ್ಟರು ಹಾಕಿಸಿಕೊಂಡು, ಯಾವಾಗಲೂ ನಮ್ಮ ಕಾರು ರಿಪೇರಿ ಮಾಡುತ್ತಿದ್ದ ಉಸ್ತಾದನನ್ನು ಕರೆದುಕೊಂಡು ಮತ್ತೆ ಮಾನ್ವಿಗೆ ಹೋದೆ. ಆತ ಒಳಗೆ ಇಣುಕಿದವನೇ ಹಣೆ ಚಚ್ಚಿಕೊಂಡ.

"ಕಡ್ಡಿ ಏರಿಸಿ ಇಟ್ಟೇ ಹೊಡದ್ರೇನ್ರಿ ಮಾಸ್ತರ?"

"ಯಾವ ಕಡ್ಡಿ?"

ಸ್ಟೇರಿಂಗಿನ ನಡುವೆ ಬೆರಳುದ್ದದ ಒಂದು ಕಡ್ಡಿಯಿತ್ತು. ಅದು ಅಲ್ಲಿರುವುದನ್ನು ದಿನಾ ನೋಡಿದ್ದೆ. ನಿಜಾಮರ ಕಾಲದ ಯಾವುದೋ ಶೋಕಿ ಎಂದುಕೊಂಡು ಎಂದೂ ಮುಟ್ಟಿರಲಿಲ್ಲ.

"ಯಾ ಅಲ್ಲಾ! ಇದನ್ನ ಇಳಿಸಿ ಹೊಡೀಬೇಕ್ರಿ. ಚಾಲೂ ಆದಮ್ಯಾಲ ಏರಿಸಬೇಕು, ಇಲ್ಲಂದ್ರ ಇಂಜಿನ್ನು ಸಾಯ್ತದ. ಇಳಿಸದ ಹೊಡದ್ರ ಕಿಡಿ ಮದ್ಲೇ ಹತ್ತಿ ಹ್ಯಾಂಡಲ್ ಒದೀತದ."

"ಇಷ್ಟ್ ವರ್ಷದಾಗ ನನಗ ಒಮ್ಮೆನೂ ಒದ್ದಿಲ್ಲಲ್ಲೋ."

"ಹ್ಯಾಂಗ ಒದೀತದ? ಒಳಗ ಕುಂತು ಅಕ್ಕಾರು ಇಳಸ್ತಿದ್ರಲ್ಲ."

ನಾನು ಆ ಕಡ್ಡಿಯನ್ನು ಒಮ್ಮೆ ಇಳಿಸಿ, ಏರಿಸಿ ನೋಡಿದೆ. "ನನಗ ಯಾಕ ಹೇಳಲಿಲ್ಲ ನೀನು?" ಅಂದೆ.

"ಹೇಳಾಕ ಬಂದಿದ್ದೆ. ಅದೆಲ್ಲಾ ಒಳಗ ಕುಂತವ್ರಿಗೆ ಹೇಳು ಅಂದ್ರಿ ನೀವು. ಅಕ್ಕಾರು ಎರಡು ಸರ್ತಿ ಕೇಳಿ ಕಲ್ತರು. ನಮ್ಮನಿಯವ್ರು ಮುಂದ ನಿಂತಿರ್ತಾರ, ತಪ್ಪಬಾರದು ಅಂದ್ರು."

ತೋಳಿನ ಶಕ್ತಿಯೆಲ್ಲ ನನ್ನದೇ ಎಂದು ಅಷ್ಟು ವರ್ಷ ಬೀಗಿದ್ದೆ. ಆಕೆ ಒಳಗೆ ಕೂತು ಕಾಲು ಒತ್ತುತ್ತಾಳೆ, ಅಷ್ಟೇ ಎಂದುಕೊಂಡಿದ್ದೆ. ಬೇರೆ ಬಂಡಿಯ ಸೆಲ್ಫ್ ತಂದು ಕೂಡಿಸಿಕೊಡಲೇ ಎಂದು ಉಸ್ತಾದ ಕೇಳಿದ. ಬೇಡ, ಆ ಕಡ್ಡಿಯ ಕೆಲಸ ಕಲಿಸು ಅಂದೆ. ಅಂದು ಆತನೇ ಕಾರು ಓಡಿಸಿಕೊಂಡು ಮನೆಗೆ ತಂದ.

ಪ್ಲಾಸ್ಟರು ಬಿಚ್ಚಿದ ಮೇಲೆ ನಮ್ಮ ಮನೆಯ ಅಂಗಳದಲ್ಲಿ ದಿನಾ ಕಲಿತೆ. ಒಳಗೆ ಕೂತು ಕಡ್ಡಿ ಇಳಿಸುವುದು, ಇಟ್ಟಿಗೆ ಇಡುವುದು, ಹೊರಗೆ ಬಂದು ಹೊಡೆಯುವುದು, ಗುಡುಗಿತೋ ಓಡಿ ಬಂದು ಕಡ್ಡಿ ಏರಿಸುವುದು. ನಾನು ಬಾಗಿಲು ಮುಟ್ಟುವಷ್ಟರಲ್ಲಿ ಇಂಜಿನ್ನು ಸತ್ತಿರುತ್ತಿತ್ತು. ಆಕೆಯ ಕೈಗೂ ನನ್ನ ಕೈಗೂ ನಡುವೆ ಆರು ಹೆಜ್ಜೆಯ ದೂರವಿತ್ತು. ಅದನ್ನು ನಾಲ್ಕಕ್ಕೆ ಇಳಿಸುವುದರೊಳಗೆ ಮಳೆಗಾಲ ಬಂತು.

ಆಗ ದೇವದುರ್ಗಕ್ಕೆ ಹೋದೆ. ಅತ್ತೆ ಊಟಕ್ಕೆ ಬಡಿಸಿದರು. ಹೊರಡುವಾಗ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದರು. ನಾನು ಒಳಗೆ ಹತ್ತಿದೆ, ಇಳಿದೆ, ಮುಂದೆ ಹೋದೆ, ಹೊಡೆದೆ, ಓಡಿ ಬಂದೆ. ಸತ್ತಿತು. ಮತ್ತೆ ಇಳಿದೆ. ಮೂರನೆಯ ಸಲಕ್ಕೆ ಅವರು ತಡೆಯಲಾರದೆ ಕೇಳಿದರು.

"ಒಳಗ ಹೊರಗ ಓಡ್ಯಾಡಾಕತ್ತೀರಲ್ಲಪ್ಪಾ, ಯಾರನ್ನ ಹುಡುಕಾಕತ್ತೀರಿ?"

"ಯಾರನ್ನೂ ಇಲ್ರಿ. ಬಂಡಿ ಚಾಲೂ ಮಾಡಾಕತ್ತೀನಿ."

ನಾಲ್ಕನೆಯ ಸಲ ಇಂಜಿನ್ನು ಸಾಯದೆ ಗುಡುಗುತ್ತಲೇ ಇತ್ತು. ಕಡ್ಡಿ ಏರಿಸಿ, ಸೀಟಿನಲ್ಲಿ ಕೂತು, ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಮುಂದೆ ಹ್ಯಾಂಡಲ್ ಇನ್ನೂ ನೇತಾಡುತ್ತಿತ್ತು. ಅದನ್ನು ಕೀಳಲು ಮತ್ತೆ ನಾನೇ ಇಳಿಯಬೇಕಿತ್ತು.