ಮೀಟರಿನ ಈರಕ್ಕ

ನಾನು ಮೊದಲ ಸಲ ಕಂಡಾಗ ಈರಕ್ಕ ಒಬ್ಬ ಗಂಡಸಿನ ಕತ್ತಿನ ಪಟ್ಟಿ ಹಿಡಿದು, ಅವನ ಮುಖವನ್ನು ಕರೆಂಟಿನ ಮೀಟರಿಗೆ ಒತ್ತಿ ನಿಲ್ಲಿಸಿದ್ದಳು. ಅವನ ಮೂಗು ಗಾಜಿಗೆ ಅಂಟಿ ಚಪ್ಪಟೆಯಾಗಿತ್ತು.

"ಓದಲೇ. ಏನೈತೆ ಅಲ್ಲಿ?"

"ಸಾವಿರದ ಎಂಟುನೂರ ನಲವತ್ಮೂರು."

"ನಿನ್ನ ಪುಸ್ತಕದಾಗೆ ಏನು ಬರ್ದೀಯ?"

"ಎಂಟುನೂರ ತೊಂಬತ್ಮೂರು... ಕಣ್ಣು ತಪ್ಪೈತೆ ಈರಕ್ಕ, ಬಿಡು."

"ಪ್ರತಿ ತಿಂಗಳೂ ಮ್ಯಾಲಕ್ಕೇ ತಪ್ತೈತಲ್ಲೋ ನಿನ್ನ ಕಣ್ಣು! ಒಂದ್ಸಲನಾರ ಕೆಳಕ್ಕೆ ತಪ್ಪೈತಾ?" ಎಂದು ಅವನ ತಲೆಯನ್ನು ಗೋಡೆಗೆ ಇನ್ನೊಮ್ಮೆ ಕುಟ್ಟಿ ಬಿಟ್ಟಳು.

ಹಿರಿಯೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯ ವಠಾರ ಅದು. ಹೊಲಿಗೆ ಮಿಷನ್ನು, ಎರಡು ಟ್ರಂಕು ಇಳಿಸಿಕೊಂಡು ನಾನು ಆಟೋದ ಪಕ್ಕದಲ್ಲೇ ನಿಂತುಬಿಟ್ಟಿದ್ದೆ. ಗಂಡನ ಹೊಡೆತ ತಾಳಲಾರದೆ ಹೊಳಲ್ಕೆರೆಯಿಂದ ಬಂದವಳು ನಾನು. ಇಲ್ಲಿಯೂ ಅದೇ ಸದ್ದು. ಪೆಟ್ಟು ತಿಂದವನು ಮಂಜ, ಮಾಲೀಕ ಚನ್ನಬಸಪ್ಪನ ಅಕ್ಕನ ಮಗ. ತಿಂಗಳ ಮೊದಲ ದಿನ ಆರು ಮನೆಗಳ ಸಬ್ ಮೀಟರ್ ನೋಡಿ ಬರೆದುಕೊಂಡು ಹೋಗುವುದು ಅವನ ಕೆಲಸ. ಅವನು ತುಟಿಯ ರಕ್ತ ಒರೆಸಿಕೊಳ್ಳುತ್ತ ಹೊರಟ ಮೇಲೆ ಈರಕ್ಕ ನನ್ನ ಕಡೆ ತಿರುಗಿ, "ಬಾರವ್ವ, ಮಿಷನ್ನು ನಾನೊಂದು ಕಡೆ ಹಿಡಿತೀನಿ" ಎಂದಳು.

ಈರಕ್ಕ ಹೊಸದುರ್ಗದ ಕಡೆಯ ಬಾಗೂರಿನವಳು, ಕುರಿ ಸಾಕುವವರ ಮನೆಯ ಹೆಣ್ಣು. ಐವತ್ತರ ಆಸುಪಾಸು. ಮೆಸ್ಸೊಂದರಲ್ಲಿ ದಿನಕ್ಕೆ ನೂರೈವತ್ತು, ಇನ್ನೂರು ಜೋಳದ ರೊಟ್ಟಿ ತಟ್ಟಿ ತಟ್ಟಿ ಅವಳ ಅಂಗೈ ಹಲಗೆಯಂತಾಗಿತ್ತು. ಗಂಡ ಲೈನ್‌ಮನ್‌ಗಳ ಜೊತೆ ದಿನಗೂಲಿಗೆ ಕಂಬ ಹತ್ತುತ್ತಿದ್ದವನು. ಅವನು ಕಂಬದ ಮೇಲಿರುವಾಗಲೇ ಯಾರೋ ಲೈನ್ ಆನ್ ಮಾಡಿದರು. ತಂತಿಗೆ ಜೋತುಬಿದ್ದು ಹೊಗೆಯಾಡುತ್ತಿದ್ದ ಗಂಡನನ್ನು ಈರಕ್ಕ ಕೆಳಗೆ ನಿಂತು ನೋಡಿದ್ದಳು. ಆ ಮಾತನ್ನು ಅವಳು ನನಗೆ ಹೇಳಿದ್ದು ಒಂದೇ ಸಲ, ರೊಟ್ಟಿ ಹಿಟ್ಟು ಕಲಸುತ್ತ. ಹೇಳಿ ಮುಗಿಸಿದಾಗ ಹಿಟ್ಟನ್ನು ಎಷ್ಟು ಗುದ್ದಿದ್ದಳೆಂದರೆ ಪರಾತ ಸೊಟ್ಟಗಾಗಿತ್ತು.

ಮೀಟರ್ ಓದುವುದನ್ನು ಅವಳಿಗೆ ಕಲಿಸಿದವನು ಅವನೇ. ನನಗೆ ಕಲಿಸಿದವಳು ಈರಕ್ಕ, ಅದೂ ಒಂದು ಗುದ್ದಿನಿಂದ. ಮೊದಲ ತಿಂಗಳು ಮಂಜ ಹೇಳಿದಷ್ಟು ದುಡ್ಡನ್ನು ಎಣಿಸಿ ಕೊಟ್ಟುಬಿಟ್ಟೆ. ಅವನು ಬೀದಿ ದಾಟುವ ಮೊದಲೇ ನನ್ನ ಬೆನ್ನಿಗೆ ಧಡ್ ಎಂದು ಬಿತ್ತು.

"ಪಿಯುಸಿ ಓದೀನಿ ಅಂತೀಯ, ಕಳೆಯೋ ಲೆಕ್ಕ ಬರಲ್ವೇನೇ ನಿಂಗೆ?"

ಅಳುತ್ತ ನಿಂತಿದ್ದವಳ ರಟ್ಟೆ ಹಿಡಿದು ಮೀಟರಿನ ಮುಂದೆ ಎಳೆದು ನಿಲ್ಲಿಸಿದಳು. "ಇವತ್ತಿನ ಅಂಕಿಯಾಗೆ ಹೋದ ತಿಂಗಳದ್ದು ಕಳಿ. ಉಳಿದಿದ್ದಷ್ಟೇ ನೀನು ಉರಿಸಿದ್ದು. ಕೊನೇದು ಕೆಂಪಗೈತಲ್ಲ, ಅದನ್ನ ಓದಬ್ಯಾಡ, ಅದು ಚಿಲ್ಲರೆ. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ ಒಂದು ತಾಸು ಕಾದ್ರೆ ಒಂದು ಯೂನಿಟ್ಟು. ನೂರು ವ್ಯಾಟಿನ ಮಿಷನ್ನು ಹತ್ತು ತಾಸು ಓಡಿದ್ರೂ ಅದೇ ಒಂದು. ತಿಳೀತಾ?"

ತಿಳಿಯಿತು. ನನ್ನ ಹಳೆಯ ಅಂಕಿ ಎರಡು ಸಾವಿರದ ಮುನ್ನೂರ ಹದಿನಾರು, ಹೊಸದು ಎರಡು ಸಾವಿರದ ಮುನ್ನೂರ ಎಂಬತ್ತೊಂಬತ್ತು. ಎಪ್ಪತ್ಮೂರು ಯೂನಿಟ್ಟು. ನಾನು ಕೊಟ್ಟಿದ್ದ ದುಡ್ಡಿಗೂ ಅದಕ್ಕೂ ತಾಳೆಯೇ ಇರಲಿಲ್ಲ. ಆಗ ಸ್ಲ್ಯಾಬಿನ ದರ: ಮೊದಮೊದಲ ಯೂನಿಟ್ಟಿಗೆ ಕಡಿಮೆ, ಹೆಚ್ಚು ಉರಿಸಿದಂತೆ ದರವೂ ಮೇಲೆ ಹತ್ತುತ್ತಿತ್ತು. ನಮ್ಮ ಆರು ಮನೆಗೂ ಕರೆಂಟು ಬರುತ್ತಿದ್ದುದು ಚನ್ನಬಸಪ್ಪನ ಹೆಸರಿನ ಒಂದೇ ಮೇನ್ ಮೀಟರಿನಿಂದ. ಎಲ್ಲರದೂ ಸೇರಿ ಬಿಲ್ಲು ಮೇಲಿನ ದರಕ್ಕೆ ಏರುತ್ತಿತ್ತು. ಒಂದು ಬಲ್ಬು, ಒಂದು ಫ್ಯಾನು ಇಟ್ಟುಕೊಂಡವರೂ ಆ ದರವನ್ನೇ ಕೊಡಬೇಕಿತ್ತು.

ಅದಾದರೂ ಹಾಳಾಗಲಿ. ಒಂದು ದಿನ ನಾವಿಬ್ಬರೂ ಕೂತು ಆರು ಸಬ್ ಮೀಟರುಗಳ ಯೂನಿಟ್ಟು ಕೂಡಿಸಿದೆವು. ಮುನ್ನೂರ ಹದಿನೈದು ಬಂತು. ಮೇನ್ ಮೀಟರಿನ ಬಿಲ್ಲಿನಲ್ಲಿ ಇದ್ದದ್ದು ಐನೂರ ಮೂರು. ಮಂಜ ಅಂಕಿ ಏರಿಸಿ ಅಷ್ಟಕ್ಕೂ ನಮ್ಮಿಂದಲೇ ದುಡ್ಡು ತೆಗೆಯುತ್ತಿದ್ದ. ನೂರ ಎಂಬತ್ತೆಂಟು ಯೂನಿಟ್ಟು ಎಲ್ಲಿ ಹೋಯಿತು? ಈರಕ್ಕ ಮಾಲೀಕನ ಮಹಡಿಯ ಕೆಳಗೆ ನಿಂತು ಕೂಗಿ ಕೇಳಿದಳು.

ಚನ್ನಬಸಪ್ಪ ಹಲ್ಲುಜ್ಜುತ್ತ ಬಗ್ಗಿ ನೋಡಿ, "ಹಳೇ ವೈರು ಕಣಮ್ಮ, ಸೋರ್ತೈತೆ" ಎಂದ.

"ಸೋರಾಕೆ ಅದೇನು ನಲ್ಲಿ ನೀರಾ?"

"ನಮ್ಮ ಮಹಡಿಗೆ ಬ್ಯಾರೆ ಮೀಟರೈತೆ. ಬೇಕಾದ್ರಿರು, ಬ್ಯಾಡಾದ್ರೆ ಖಾಲಿ ಮಾಡು."

ಮುಂದಿನ ಭಾನುವಾರ ಬೆಳಿಗ್ಗೆ ಈರಕ್ಕ ಆರು ಮನೆಯವರನ್ನೂ ಅಂಗಳಕ್ಕೆ ಎಬ್ಬಿಸಿ ತಂದಳು. "ಎಲ್ರೂ ಮೇನ್ ಸ್ವಿಚ್ ಇಳಿಸ್ರಿ" ಎಂದಳು. ಇಳಿಸಿದೆವು. ಒಂದು ಮನೆಯಲ್ಲೂ ಕರೆಂಟಿಲ್ಲ. ಆದರೆ ಮೇನ್ ಮೀಟರಿನ ಕೆಂಪು ದೀಪ ಮಿಣಮಿಣ ಮಿನುಗುತ್ತಲೇ ಇತ್ತು. ನಾನು ಪೆನ್ಸಿಲು ಹಿಡಿದು ಅಂಕಿ ಬರೆದುಕೊಂಡೆ. ಅರ್ಧ ಗಂಟೆ ಕಾದು ಮತ್ತೆ ಬರೆದುಕೊಂಡೆ. ಒಂದೂವರೆ ಯೂನಿಟ್ಟು ಓಡಿತ್ತು. ಮಹಡಿಯ ಮೇಲೆ ಬಟ್ಟೆ ಒಗೆಯುವ ಮಿಷನ್ನು ಗಡಗಡ ಅನ್ನುತ್ತಿತ್ತು, ಗೀಸರಿನ ನೀರು ಸುರಿಯುವ ಸದ್ದು ಕೇಳುತ್ತಿತ್ತು.

ಈರಕ್ಕ ಮೇನ್ ಮೀಟರಿನ ಫ್ಯೂಸು ಕಿತ್ತಳು. ಮೇಲಿನ ಮಿಷನ್ನು ಗಕ್ಕನೆ ನಿಂತಿತು.

"ನೋಡ್ರಿ! ಸೋರೋದು ಎಲ್ಲಿ ಅಂತ ನೋಡ್ರಿ!" ಎಂದು ಅವಳು ಕೂಗಿದ್ದೇ ತಡ, ಚನ್ನಬಸಪ್ಪ ಒದ್ದೆ ಮೈಯಲ್ಲಿ, ಲುಂಗಿಯಲ್ಲಿ ದಡದಡ ಇಳಿದು ಬಂದ. ಅವನ ಕೈಯಲ್ಲಿ ಕಬ್ಬಿಣದ ಪೈಪಿನ ತುಂಡಿತ್ತು. ಮಾತಿಲ್ಲ, ಕತೆಯಿಲ್ಲ, ಬೀಸಿಯೇಬಿಟ್ಟ. ಈರಕ್ಕ ತಲೆಗೆ ಅಡ್ಡವಾಗಿ ಬಲಗೈ ತಂದಳು. ಮೂಳೆ ಮುರಿದ ಸದ್ದು ನಮಗೆಲ್ಲ ಕೇಳಿಸಿತು. ಎರಡನೆಯ ಏಟು ಭುಜಕ್ಕೆ ಬಿತ್ತು. ಮೂರನೆಯದಕ್ಕೆ ಅವನು ಕೈಯೆತ್ತಿದಾಗ ಅವಳು ತಲೆ ತಗ್ಗಿಸಿ ಅವನ ಎದೆಗೆ ನುಗ್ಗಿ ಗುಮ್ಮಿದಳು. ಅವನು ಹಿಂದಕ್ಕೆ ತತ್ತರಿಸಿ, ಹೊರಳಿ ಮೆಟ್ಟಿಲಿನ ಮೇಲೆ ಮುಖ ಅಡಿಯಾಗಿ ಬಿದ್ದ. ಮುಂದಿನ ಎರಡು ಹಲ್ಲು ಉದುರಿ ಬಾಯಿ ರಕ್ತದ ಮಡುವಾಯಿತು. ಅಷ್ಟರಲ್ಲಿ ಹಿಂದಿನಿಂದ ಬಂದ ಮಂಜ ಈರಕ್ಕನ ಜಡೆ ಹಿಡಿದು ನೆಲಕ್ಕೆ ಎಳೆದು, ಪಕ್ಕೆಗೆ ಒದೆಯತೊಡಗಿದ. ಒಂದು, ಎರಡು, ಮೂರು.

ಅಂಗಳದಲ್ಲಿ ನಾವು ಹನ್ನೊಂದು ಜನ ಇದ್ದೆವು. ಒಬ್ಬರೂ ಕದಲಲಿಲ್ಲ. ನನ್ನ ಕೈಯಲ್ಲಿ ಪೆನ್ಸಿಲು ಇನ್ನೂ ಹಾಗೆಯೇ ಇತ್ತು. ಬೀದಿಯಲ್ಲಿ ಸೊಪ್ಪು ಮಾರುತ್ತಿದ್ದವನು ಗಾಡಿ ಬಿಟ್ಟು ಓಡಿ ಬಂದು ಮಂಜನನ್ನು ತಳ್ಳಿದ ಮೇಲೆಯೇ ಅದು ನಿಂತದ್ದು.

ಪೊಲೀಸರು ಬಂದು ವಿಚಾರಿಸಿದರು. ಈರಕ್ಕ ಕರೆಂಟು ಕದಿಯುತ್ತಿದ್ದಳು, ಕೇಳಿದ್ದಕ್ಕೆ ಹಲ್ಲು ಮುರಿದಳು ಎಂದು ಚನ್ನಬಸಪ್ಪ ಬರೆಸಿದ್ದ. ಐದು ಮನೆಯವರೂ "ನಾವು ನೋಡಿಲ್ಲ ಸಾರ್, ಒಳಗಿದ್ವಿ" ಎಂದರು. ಆ ಐದರಲ್ಲಿ ನಾನೂ ಒಬ್ಬಳು.

ಮಧ್ಯಾಹ್ನ ಈರಕ್ಕನನ್ನು ಸೇರಿಸಿದ್ದ ಆಸ್ಪತ್ರೆಗೆ ಹೋದೆ. ಅವಳ ಮುಖ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ನನ್ನನ್ನು ಬೈಯುತ್ತಾಳೆ ಅಂದುಕೊಂಡಿದ್ದೆ.

"ಅಂಕಿ ಬರ್ಕಂಡ್ಯೇನೇ?" ಎಂದಳು.

"ಬರ್ಕಂಡೀನಿ ಅಕ್ಕ."

"ಎರಡು ಸಲದ್ದೂ?"

"ಎರಡು ಸಲದ್ದೂ."

"ಸಾಕು ಬಿಡು," ಎಂದು ಗೋಡೆಯ ಕಡೆ ಹೊರಳಿದಳು. ಪಕ್ಕೆಯ ನೋವಿಗೆ ಅವಳ ಬಾಯಿಂದ ಹೊರಟ ಆ ನರಳಿಕೆಯನ್ನು ನಾನು ಹಿಂದೆಯೂ ಕೇಳಿದ್ದೆ. ಹೊಳಲ್ಕೆರೆಯ ಮನೆಯಲ್ಲಿ, ನನ್ನ ಬಾಯಿಂದಲೇ.

ಮಾರನೆಯ ಬೆಳಿಗ್ಗೆ ಠಾಣೆಗೆ ಹೋಗಿ, ನಿನ್ನೆ ಸುಳ್ಳು ಹೇಳಿದೆ, ನೋಡಿದ್ದೇನೆ ಎಂದು ಬರೆಸಿದೆ. "ನಿನ್ನೆ ಕಣ್ಣಿರಲಿಲ್ವೇನಮ್ಮ?" ಎಂದು ಅಲ್ಲಿದ್ದವರು ಉಗಿದರು. ಅಲ್ಲಿಂದ ಕರೆಂಟ್ ಆಫೀಸಿಗೆ ಹೋಗಿ ಆರು ಮನೆಯ ಯೂನಿಟ್ಟು, ಮೇನ್ ಮೀಟರಿನ ಯೂನಿಟ್ಟು, ಭಾನುವಾರದ ಎರಡು ಅಂಕಿ, ಎಲ್ಲ ಬರೆದು ಅರ್ಜಿ ಕೊಟ್ಟೆ. ಸಂಜೆ ವಠಾರಕ್ಕೆ ಮರಳಿದಾಗ ನನ್ನ ಹೊಲಿಗೆ ಮಿಷನ್ನು ಚರಂಡಿಯಲ್ಲಿ ಬಿದ್ದಿತ್ತು. ಚಕ್ರ ಎರಡು ಹೋಳಾಗಿತ್ತು. ಮಂಜ ಬಾಗಿಲಲ್ಲಿ ನಿಂತು, "ನಿಂಗೂ ಒಂದು ಕೈ ಮುರೀಬೇಕೇನು?" ಎಂದ. ಟ್ರಂಕು ಹೊತ್ತು ಅಂದೇ ಹೊರಟೆ.

ಆಫೀಸಿನವರು ಬಂದರು. ಗೀಸರು, ನೀರಿನ ಪಂಪು, ಒಗೆಯುವ ಮಿಷನ್ನು ಎಲ್ಲಕ್ಕೂ ಕೆಳಗಿನ ಮೇನಿನಿಂದಲೇ ವೈರು ಹೋಗಿದ್ದುದನ್ನು ಗೋಡೆ ಒಡೆದು ತೆಗೆದರು. ದಂಡ ಹಾಕಿದರು, ಆರು ಮನೆಗೂ ಬೇರೆ ಬೇರೆ ಮೀಟರು ಕೂರಿಸಿದರು. ಪೆಟ್ಟಿನ ಕೇಸು ಮಾತ್ರ ಕೋರ್ಟಿನಲ್ಲಿ ತಾರೀಖಿನಿಂದ ತಾರೀಖಿಗೆ ಹೋಗುತ್ತಿತ್ತು. ರಾಜಿ ಮಾಡಿಕೋ ಎಂದು ಹೇಳಲು ಹೋದ ಹಿರಿಯರಿಗೆ ಈರಕ್ಕ, "ಅವನ ಕೈ ಇಲ್ಲಿ ಕಲ್ಲಿನ ಮ್ಯಾಲೆ ಇಡ್ರಿ, ಆಮ್ಯಾಲೆ ರಾಜಿ ಮಾತಾಡಾಣ" ಎಂದಳಂತೆ.

ಅವಳ ಮೂಳೆ ಸೊಟ್ಟಗೆ ಕೂಡಿಕೊಂಡಿತು. ರೊಟ್ಟಿ ತಟ್ಟಲಾಗದ ಕೈಗೆ ಮೆಸ್ಸಿನಲ್ಲಿ ಕೆಲಸವಿರಲಿಲ್ಲ. ತಮ್ಮನ ಕುರಿ ನೋಡಿಕೊಳ್ಳಲು ಬಾಗೂರಿಗೆ ಹೊರಟುಹೋದಳು. ನಾನು ನೋಡಲು ಹೋದದ್ದು ಒಂದೇ ಸಲ. ಅದಾದ ಮೂರು ತಿಂಗಳಿಗೆ ಜ್ವರ ಬಂದು ತೀರಿಕೊಂಡಳೆಂದು ಯಾರೋ ಹೇಳಿದರು. ಮಣ್ಣಿಗೂ ನಾನು ಒದಗಲಿಲ್ಲ.

ನಾನು ಬಾಗೂರಿಗೆ ಹೋಗಿದ್ದ ಆ ದಿನ ಉಂಡು, ಮಾತಾಡಿ, ಹೊಸದುರ್ಗದ ಬಸ್ಸಿಗೆ ಕಾಯುತ್ತ ಇಬ್ಬರೂ ಹುಣಸೆ ಮರದ ಕೆಳಗೆ ಕೂತಿದ್ದೆವು. ಇಷ್ಟು ದಿನ ಹೇಳಲಾಗದೆ ಇದ್ದುದನ್ನು ಅಲ್ಲಿ ಹೇಳಿಬಿಟ್ಟೆ.

"ಅವತ್ತು ನಾನು ಅಡ್ಡ ಬರಲಿಲ್ಲ ಅಕ್ಕ. ಹೆದರಿಬಿಟ್ಟಿದ್ದೆ. ನಿನ್ನಂಗೆ ಧೈರ್ಯ ನನಗಿಲ್ಲ."

ಈರಕ್ಕ ಸೊಟ್ಟ ಕೈಯನ್ನು ಎಡಗೈಯಿಂದ ನೀವಿಕೊಳ್ಳುತ್ತ ರಸ್ತೆಯನ್ನೇ ನೋಡುತ್ತಿದ್ದಳು.

"ಧೈರ್ಯ ಎಲ್ಲಿತ್ತೇ ನಂಗೆ? ಫ್ಯೂಸು ಕೀಳುವಾಗ ಕಾಲು ಗಡಗಡ ನಡುಗ್ತಿದ್ವು," ಎಂದಳು. "ಹಿಂದಿನಿಂದ ನೀವೆಲ್ಲ ಬರ್ತೀರ ಅನ್ಕಂಡಿದ್ದೆ."